ಕಿಟಕಿಯಲ್ಲಿ ಬಂದ ಸೀಸೆ

ಮೊನ್ನೆ ಸೊಸೆ ಹೆಚ್ಚಿದ ಈರುಳ್ಳಿಯ ಮೇಲೆ ವಿನಿಗರ್ ಸುರಿದು, ಬಟ್ಟಲನ್ನು ನನ್ನ ಮೂಗಿನ ಹತ್ತಿರ ತಂದು, "ಹುಳಿ ಸಾಕಾ ನೋಡಿ ಅತ್ತೆ" ಎಂದಳು. ಊಟಕ್ಕೆ ಕೂತವರಿಗೆಲ್ಲ ಬಾಯಲ್ಲಿ ನೀರೂರಿತು. ನನಗೆ ಮಾತ್ರ ಉಚ್ಚೆ ನೆನಪಾಯಿತು. ಸುಮ್ಮನಿರಬೇಕಿತ್ತು, ಬಾಯಿಬಿಟ್ಟು ಹೇಳಿಯೂಬಿಟ್ಟೆ. ಮಗ ತಟ್ಟೆ ಎತ್ತಿಕೊಂಡು ನಡುಮನೆಗೆ ಎದ್ದು ಹೋದ. ನಾನೇನು ಮಾಡಲಿ? ಆಯುಸ್ಸಿನ ಅರ್ಧ ಭಾಗ ಕಂಡವರ ಉಚ್ಚೆ ಕಾಯಿಸಿ ಅನ್ನ ತಿಂದವಳು ನಾನು. ಗಾಜಿನ ಕೊಳವೆಯಲ್ಲಿ ಅದನ್ನು ತುಂಬಿ, ಸ್ಪಿರಿಟ್ ದೀಪದ ಮೇಲೆ ಮೇಲ್ಭಾಗವನ್ನಷ್ಟೇ ಕಾಯಿಸಿ, ಬೆಳ್ಳಗೆ ಒಡೆದರೆ ಎರಡು ಮೂರು ತೊಟ್ಟು ಅಸಿಟಿಕ್ ಆಸಿಡ್ ಬಿಡಬೇಕು. ವಿನಿಗರಿನ ವಾಸನೆಯೇ ಅದರದ್ದೂ. ಆಸಿಡ್ ಬಿಟ್ಟ ಮೇಲೂ ಬಿಳುಪು ಕರಗದೆ ಉಳಿದರೆ ಆಲ್ಬುಮಿನ್, ಅಂದರೆ ಮೊಟ್ಟೆಯ ಬಿಳಿಯಂಥ ಸಾರ, ಇದೆ ಎಂದು ಅರ್ಥ. ಬಸುರಿಯ ಉಚ್ಚೆಯಲ್ಲಿ ಅದು ಕಂಡರೆ ಬಸುರಿನ ನಂಜು, ಡಾಕ್ಟರಿಗೆ ಓಡಿ ಹೋಗಿ ಹೇಳಬೇಕು. ಇಷ್ಟೇ ನನ್ನ ವಿದ್ಯೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತೆರಡು. ಚಿಕ್ಕಬಳ್ಳಾಪುರದ ಮೇಷ್ಟರ ಮಗಳು, ಬೆಂಗಳೂರಿನಲ್ಲಿ ಒಂದು ವರ್ಷ ಲ್ಯಾಬೊರೇಟರಿ ಕೆಲಸ ಕಲಿತು ಬಂದಿದ್ದೆ. ಶಿಡ್ಲಘಟ್ಟದ ಹೊರಗೆ, ಚಿಂತಾಮಣಿ ರಸ್ತೆಯಲ್ಲಿ, ನಾಲ್ಕು ಜನ ದೊಡ್ಡ ಮನಸ್ಸಿನವರು ಸೇರಿ ಎಂಟು ಮಂಚದ ಹೆರಿಗೆ ಆಸ್ಪತ್ರೆಯೊಂದನ್ನು ನಡೆಸುತ್ತಿದ್ದರು. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಅಲ್ಲಿಗೆ ನಾನು ಮೊದಲ ಲ್ಯಾಬ್ ಹುಡುಗಿ. ನನಗಿಂತ ಮುಂಚೆ ಆ ಕೋಣೆಯಲ್ಲಿ ಹಳೇ ಹಾಸಿಗೆ ತುಂಬಿದ್ದರಂತೆ. ನಾನು ಬಂದಮೇಲೆ ಹಾಸಿಗೆ ಆಚೆ ಹೋಗಿ, ಒಂದು ಮೇಜು, ಒಂದು ಮೈಕ್ರೊಸ್ಕೋಪು, ಸ್ಪಿರಿಟ್ ದೀಪ, ಆರೇಳು ಸೀಸೆ ಒಳಗೆ ಬಂದವು. ಅಷ್ಟಕ್ಕೇ ನನ್ನ ತಲೆ ತಿರುಗಿತ್ತು. ನಾನು ಬರೆದ ಚೀಟಿ ನೋಡಿ ಡಾಕ್ಟರು ಔಷಧಿ ಬರೆಯುತ್ತಾರೆ ಎಂದರೆ ಕಡಿಮೆ ಮಾತೇ?

ಕೋಣೆಗೆ ರಸ್ತೆ ಕಡೆ ಒಂದು ಕಿಟಕಿ ಇತ್ತು. ಬೆಳಿಗ್ಗೆ ಏಳಕ್ಕೆಲ್ಲ ಹಳ್ಳಿಯವರು ಆ ಕಿಟಕಿಯಲ್ಲಿ ಸೀಸೆ ಚಾಚುತ್ತಿದ್ದರು. ಹರಳೆಣ್ಣೆ ಸೀಸೆ, ಕೆಮ್ಮಿನೌಷಧಿ ಸೀಸೆ, ಒಂದೊಂದು ಸಲ ಯಾವ ಸೀಸೆಯೆಂದು ಕೇಳಬಾರದಂಥ ಸೀಸೆ. ನಾನು ಹೆಸರು ಕೇಳಿ ಚೀಟಿ ಅಂಟಿಸಿ ಸಾಲಾಗಿ ಇಟ್ಟುಕೊಳ್ಳುತ್ತಿದ್ದೆ. ಆಯಾ ಫಾತಿಮಾಬಿ ನನಗೆ 'ಬಾಟ್ಲಮ್ಮ' ಎಂದು ಹೆಸರಿಟ್ಟಿದ್ದಳು. ಗ್ರಾಮದೇವತೆಯ ಹೆಸರಿನ ಥರ ಇದೆಯಲ್ಲೇ ಎಂದರೆ, "ಹೌದಲ್ಲಮ್ಮ, ದಿನಾ ಪೂಜೆಗೆ ಸಾಮಾನು ಬರ್ತೈತೆ, ಇನ್ನೇನು" ಎಂದು ನಗುತ್ತಿದ್ದಳು. ಅವಳ ಗಂಡ ಊರೊಳಗೆ ರೇಷ್ಮೆ ನೂಲು ತೆಗೆಯುವವನು. ಅವಳು ಬಂದರೆ ಬೇಯಿಸಿದ ಗೂಡಿನ ವಾಸನೆಯೂ ಜೊತೆಗೆ ಬರುತ್ತಿತ್ತು.

ಡಾಕ್ಟರ್ ಶಾರದಮ್ಮನವರು ಐವತ್ತು ದಾಟಿದವರು, ಮಾತು ಕಡಿಮೆ. ಆ ಕಾರ್ತಿಕದಲ್ಲಿ ಅವರ ರಕ್ತದೊತ್ತಡ ನೋಡುವ ಪಾದರಸದ ಪೆಟ್ಟಿಗೆ ಕೈಜಾರಿ ಬಿದ್ದು, ರಿಪೇರಿಗೆಂದು ಬೆಂಗಳೂರಿಗೆ ಹೋಗಿತ್ತು. ಮೂರು ವಾರವಾದರೂ ವಾಪಸ್ಸು ಬಂದಿರಲಿಲ್ಲ. ಹೀಗಾಗಿ ಕಾಲು ಊದಿಕೊಂಡ ಬಸುರಿಯರು ಯಾರೇ ಬಂದರೂ ಡಾಕ್ಟರು ನನ್ನ ಕೋಣೆಯ ಕಡೆ ಕೈ ತೋರಿಸಿ, "ಸದ್ಯಕ್ಕೆ ನಿನ್ನ ದೀಪಾನೇ ನಂಗೆ ದಿಕ್ಕು ಕಣಮ್ಮ" ಎನ್ನುತ್ತಿದ್ದರು. ಆ ಮಾತು ಕೇಳಿ ನಾನು ಒಂದಡಿ ಮೇಲೆ ನಡೆಯುತ್ತಿದ್ದೆ.

ಆ ಸಲದ ಜಡಿಮಳೆ ನೆನಪಿದೆ. ದೊಡ್ಡ ಮಳೆಯೇನಲ್ಲ, ಸಣ್ಣಗೆ ಹಿಡಿದು, ಬಿಟ್ಟೂ ಬಿಡದೆ ಎರಡು ವಾರ ಸುರಿದ ಮಳೆ. ರಾಗಿ ತೆನೆ ಬಲಿಯುವ ಹೊತ್ತು. ಹಿಪ್ಪುನೇರಳೆ ಸೊಪ್ಪು ನೆನೆದುಹೋಗಿ, ಹುಳ ಸಾಕುವ ಮನೆಗಳಲ್ಲಿ ಹೆಂಗಸರು ಒಂದೊಂದೇ ಎಲೆಯನ್ನು ಬಟ್ಟೆಯಲ್ಲಿ ಒರೆಸುತ್ತಾ ಕೂತಿದ್ದರು, ಒದ್ದೆ ಎಲೆ ತಿಂದರೆ ಹುಳಕ್ಕೆ ರೋಗ. ಇಂಥ ಮನೆಯಿಂದಲೇ ಯಶೋದ ಬಂದದ್ದು. ಹತ್ತೊಂಬತ್ತರ ಹುಡುಗಿ, ಚೊಚ್ಚಲು, ತೊಂಡೇಬಾವಿ ಕಡೆಗೆ ಕೊಟ್ಟಿದ್ದವಳು ಹೆರಿಗೆಗೆ ತವರಿಗೆ ಬಂದಿದ್ದಳು. ತಾಯಿ ಬೈರಮ್ಮ ಜೊತೆಯಲ್ಲಿದ್ದಳು. ಯಶೋದಳ ಪಾದ ಒತ್ತಿದರೆ ಬೆರಳಿನ ಗುಂಡಿ ಹಾಗೇ ನಿಲ್ಲುತ್ತಿತ್ತು. ತಲೆನೋವು ಬೇರೆ. ಡಾಕ್ಟರು, "ಸೋಮವಾರ ಬೆಳಿಗ್ಗೆ ಎದ್ದ ತಕ್ಷಣದ ಉಚ್ಚೆ ಹಿಡಿದು ಕಳಿಸಿ. ಅದು ನೋಡಿ ಹೇಳ್ತೀನಿ" ಎಂದರು. ಬೈರಮ್ಮ ತಲೆಯಾಡಿಸಿದಳು.

ಸೋಮವಾರ ಸೀಸೆ ಬಂತು. ತಂದವಳು ಯಶೋದಳ ತಂಗಿ ರತ್ನ, ಹದಿನೇಳರವಳು, ನೆನೆದು ತೊಪ್ಪೆಯಾಗಿದ್ದಳು. ಕಿಟಕಿಯಲ್ಲಿ ಕೊಟ್ಟು, ನನ್ನ ಮುಖ ನೋಡದೆ, "ಯಶೋದಂದು" ಎಂದಳು. ಕಾಯಿಸಿದೆ. ಕೊಳವೆಯಲ್ಲಿದ್ದದ್ದು ಕನ್ನಡಿಯಂತೆ ತಿಳಿಯಾಗಿತ್ತು. ಆಸಿಡ್ ಬಿಟ್ಟರೂ ತಿಳಿ. 'ಆಲ್ಬುಮಿನ್ ಇಲ್ಲ' ಎಂದು ದುಂಡಗೆ ಬರೆದೆ. ಡಾಕ್ಟರು ನೋಡಿ ನಿಟ್ಟುಸಿರು ಬಿಟ್ಟು, ಉಪ್ಪು ಕಡಿಮೆ ಮಾಡಿ, ಮಲಗಿರಲಿ, ಮುಂದಿನ ವಾರ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದರು.

ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಯಶೋದಳನ್ನು ಗಾಡಿಯಲ್ಲಿ ತಂದರು. ಕಮಾನು ಗಾಡಿಯೊಳಗೆ ಹುಲ್ಲಿನ ಮೇಲೆ ಮಲಗಿಸಿದ್ದರು. ಇಳಿಸುವಾಗಲೇ ಇನ್ನೊಂದು ಸಲ ಫಿಟ್ಸ್ ಬಂತು. ಹಲ್ಲು ಕಚ್ಚಿ, ಮೈಯೆಲ್ಲ ಸೆಟೆದು, ನಾಲಗೆ ಕಡಿದುಕೊಂಡು ಬಾಯಲ್ಲಿ ರಕ್ತ. ನಾನು ಅದುವರೆಗೆ ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಣ್ಣಲ್ಲಿ ಕಂಡಿರಲಿಲ್ಲ. ಬೈರಮ್ಮ "ಅಯ್ಯೋ ನನ್ನ ತಲ್ಲೀ, ಯಾವ ಗಾಳಿ ಬಡೀತೇ" ಎಂದು ಎದೆ ಬಡಿದುಕೊಂಡಳು. ಗಾಡಿ ಹಿಂದೆ ಬಂದಿದ್ದ ಹತ್ತು ಹನ್ನೆರಡು ಜನ ಜಗಲಿಯಲ್ಲಿ ತುಂಬಿಕೊಂಡು ಒಬ್ಬರಿಗಿಂತ ಒಬ್ಬರು ಜೋರಾಗಿ ಅಳುತ್ತಿದ್ದರು.

ಡಾಕ್ಟರು ನನ್ನನ್ನು ಕರೆದು, "ಸೋಮವಾರದ್ದು ಏನಿತ್ತು?" ಎಂದರು.

"ಏನೂ ಇರ್ಲಿಲ್ಲ ಮೇಡಂ. ತಿಳಿಯಾಗಿತ್ತು."

"ಸರಿಯಾಗಿ ನೋಡಿದ್ಯಾ?"

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. "ನಾನೇ ಕಾಯಿಸಿದ್ದು ಮೇಡಂ. ನನ್ನ ಟೆಸ್ಟ್ ತಪ್ಪಾಗಲ್ಲ" ಎಂದೆ.

ಐದು ದಿನದ ಹಿಂದೆ ಆಲ್ಬುಮಿನ್ ಇರಲಿಲ್ಲ ಎಂದಮೇಲೆ ಇದು ಬಸುರಿನ ನಂಜಲ್ಲ, ಮಿದುಳು ಜ್ವರ ಇರಬಹುದು ಎಂಬ ಅನುಮಾನ ಡಾಕ್ಟರಿಗೆ. ಬೆನ್ನುಮೂಳೆಯ ಸಂದಿಯಿಂದ ಸೂಜಿಯಲ್ಲಿ ನೀರು ತೆಗೆದು ನನಗೆ ಕೊಟ್ಟರು. ನಳಿಕೆ ಹಾಕಿ ಉಚ್ಚೆಯನ್ನೂ ತೆಗೆದು ಕೊಟ್ಟರು. "ಎರಡೂ ನೋಡು, ಬೇಗ" ಎಂದರು.

ನಾನು ಮೊದಲು ಬೆನ್ನಿನ ನೀರನ್ನು ಎತ್ತಿಕೊಂಡೆ. ಉಚ್ಚೆಯನ್ನು ಪಕ್ಕಕ್ಕೆ ಇಟ್ಟೆ. ನಾನು ನೋಡಿ ಆಗಿರುವುದನ್ನು ಮತ್ತೇನು ನೋಡುವುದು ಎಂಬ ಕೊಬ್ಬು. ಮೈಕ್ರೊಸ್ಕೋಪಿಗೆ ಕರೆಂಟು ದೀಪವಿರಲಿಲ್ಲ, ಕೆಳಗಿನ ಕನ್ನಡಿಗೆ ಹಗಲ ಬೆಳಕು ಬೀಳಬೇಕು. ಮೋಡ ಕವಿದು ಕೋಣೆ ಮಬ್ಬಾಗಿತ್ತು. ಅದನ್ನು ಎತ್ತಿಕೊಂಡು ಹಿಂದಿನ ಜಗಲಿಗೆ ಹೋಗಿ, ಬೆಳಕಿಗೆ ಕನ್ನಡಿ ತಿರುಗಿಸಿ ತಿರುಗಿಸಿ ಕಣಗಳನ್ನು ಎಣಿಸಲು ಕೂತೆ. ಎಣಿಸಲು ಏನೂ ಇರಲಿಲ್ಲ. ನೀರು ಶುದ್ಧ, ಮಿದುಳು ಜ್ವರ ಅಲ್ಲವೇ ಅಲ್ಲ. ಇಷ್ಟು ತಿಳಿಯಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಒಳಗೆ ಬಂದು ಉಚ್ಚೆಯ ಕೊಳವೆಯನ್ನು ದೀಪಕ್ಕೆ ಹಿಡಿದೆ.

ಅದು ಕುದಿಯುವ ಮೊದಲೇ ಬೆಳ್ಳಗಾಯಿತು. ನೋಡನೋಡುತ್ತಾ ಗಟ್ಟಿಯಾಗಿ, ಕೊಳವೆ ಬೋರಲು ಹಾಕಿದರೂ ಬೀಳದ ಹಾಗೆ ನಿಂತುಬಿಟ್ಟಿತು. ಬೇಯಿಸಿದ ಮೊಟ್ಟೆಯ ಬಿಳಿ ಇರುತ್ತದಲ್ಲ, ಅದೇ. ಐದು ದಿನದಲ್ಲಿ ಇಷ್ಟು ಬರುವುದುಂಟೆ? ಓಡಿ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ನನ್ನನ್ನು ಬೈಯಲಿಲ್ಲ. ನಂಜೇ ಎಂದು ಖಾತ್ರಿಯಾಗಿ, ಫಿಟ್ಸ್ ತಡೆಯುವ ಮೆಗ್ನೀಸಿಯಂ ಇಂಜೆಕ್ಷನ್ ತುಂಬುವಂತೆ ನರ್ಸಿಗೆ ಹೇಳಿ, ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿಸಲು ಹೊರಟರು.

ನಾನು ಜಗಲಿಗೆ ಬಂದು, "ಸೋಮವಾರ ಸೀಸೆ ತಂದೋಳು ಎಲ್ಲೇ?" ಎಂದೆ. ರತ್ನ ಕಂಬದ ಹಿಂದಿನಿಂದ ಬಂದಳು. ಮುಖ ಸುಣ್ಣದಂತಾಗಿತ್ತು.

"ನಿಜ ಹೇಳು. ಅದು ಯಾರ್ದು?"

"ನಂದು" ಎಂದಳು.

ಕೇಳಿಸಿಕೊಂಡವಳೇ ಕೈ ಎತ್ತಿದ್ದೆ. ಫಾತಿಮಾಬಿ ಹಿಡಿದುಕೊಂಡಳು. ಅಷ್ಟರಲ್ಲಿ ಬೈರಮ್ಮ ಅಡ್ಡ ಬಂದು, "ಅವಳ್ನ ಹೊಡೀಬೇಡಿ ತಾಯೀ, ನಾನೇ ಹೇಳಿದ್ದು" ಎಂದಳು. "ಚೊಚ್ಚಲ ಬಸುರೀದು ಕೂದ್ಲು, ಉಗುರು, ಉಚ್ಚೆ, ಏನೂ ಹೊರಗಿನೋರ ಕೈಗೆ ಕೊಡಬಾರ್ದು ಅಂತ ನಮ್ಮತ್ತೆ ಕಾಲದಿಂದ ನಡ್ಕಂಡು ಬಂದೈತೆ. ಯಾರಾದ್ರೂ ಮಾಟ ಮಾಡಿಸಿಬಿಟ್ರೆ? ಡಾಕ್ಟ್ರಮ್ಮ ಕೇಳ್ತಾರೆ, ಕೊಡದಿದ್ರೆ ಬೈತಾರೆ. ಅದಕ್ಕೆ ಚಿಕ್ಕೋಳ್ದು ಹಿಡಿದು ಕಳಿಸ್ದೆ. ಒಂದೇ ಹೊಟ್ಟೇಲಿ ಹುಟ್ಟಿದೋರು, ಒಂದೇ ಉಪ್ಪು ತಿಂದೋರು, ಇಬ್ರುದೂ ಬೇರೆ ಬೇರೆ ಇರ್ತದಾ ಅಂದ್ಕಂಡೆ."

ಬೈಯಲು ಬಾಯಿ ತೆರೆದೆ, ಪಕ್ಕಕ್ಕೆ ಇಟ್ಟ ಕೊಳವೆ ಕಣ್ಣ ಮುಂದೆ ಬಂತು. ಮಗಳ ಮೇಲಿನ ಪ್ರೀತಿಗೆ ತಾಯಿ ತಪ್ಪು ಮಾಡಿದ್ದಳು. ನಾನು ಯಾವ ಪ್ರೀತಿಗೆ ಅರ್ಧ ಗಂಟೆ ಕಳೆದಿದ್ದೆ? ಸಂಜೆ ಡಾಕ್ಟರ ಹತ್ತಿರ ಹೋಗಿ ಹಾಗೆಂದೇ ಹೇಳಿಕೊಂಡು ಅತ್ತುಬಿಟ್ಟೆ. ಅವರು ಕೈ ತೊಳೆಯುತ್ತಾ, "ಆ ಕಿಟಕಿ ಮುಚ್ಚಿಸು. ಇನ್ಮೇಲೆ ಬಸುರೀನ ಕೈ ಹಿಡ್ಕೊಂಡು ಹೋಗಿ ನೀನೇ ನಿಂತು ತಗೋಬೇಕು" ಎಂದರು. ಮುಂದಿನ ತಿಂಗಳು ಬಡಗಿ ಬಂದು ಮೊಳೆ ಹೊಡೆದ. ಅದಾದ ಮೇಲೆ ಎಲ್ಲಿ ಕೆಲಸ ಮಾಡಿದರೂ ನಾನು ಕಿಟಕಿಯಲ್ಲಿ ಸೀಸೆ ತೆಗೆದುಕೊಂಡವಳಲ್ಲ.

ಆದರೆ ಆ ಶನಿವಾರ ಮಧ್ಯಾಹ್ನ ಕಷ್ಟ ಇನ್ನೂ ಮುಗಿದಿರಲಿಲ್ಲ. ಈ ಕಾಯಿಲೆಯಲ್ಲಿ ಬೆಳಕು ಬಿದ್ದರೆ, ಸದ್ದಾದರೆ ಸಾಕು, ಮತ್ತೆ ಫಿಟ್ಸ್. ಡಾಕ್ಟರು ಎರಡು ಸಲ ಹೊರಗೆ ಬಂದು "ಸುಮ್ಮನಿರಿ, ದಯವಿಟ್ಟು ಸುಮ್ಮನಿರಿ" ಎಂದು ಕೈಮುಗಿದರು. ಜನ ಒಂದು ನಿಮಿಷ ಸುಮ್ಮನಿದ್ದು ಮತ್ತೆ ಶುರು. ಹುಡುಗಿ ಸಾಯುತ್ತಿರುವಾಗ ಅಳದಿದ್ದರೆ ನೆಂಟರೇನೆಂದುಕೊಳ್ಳುತ್ತಾರೆ? ಯಾರೋ ಒಬ್ಬರು ತಾಮ್ರದ ಚೊಂಬು ಕೈಬಿಟ್ಟರು, ಒಳಗೆ ಯಶೋದ ಸೆಟೆದುಕೊಂಡಳು. ಅದು ಐದನೆಯ ಸಲ.

ಆಗ ಫಾತಿಮಾಬಿ ಬೈರಮ್ಮನ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದಳು. "ಅಮ್ಮ, ನಿಮ್ಮ ಮನೇಲಿ ಹುಳ ಜ್ವರಕ್ಕೆ ಕೂತ್ಕೊಂಡ್ರೆ ನೀವು ಏನ್ ಮಾಡ್ತೀರಾ?"

ರೇಷ್ಮೆಹುಳ ಪೊರೆ ಬಿಡುವ ಮುಂಚೆ ಒಂದು ದಿನ ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ತಟ್ಟೆ ಅಲುಗಿಸುವಂತಿಲ್ಲ, ಸೊಪ್ಪು ಹಾಕುವಂತಿಲ್ಲ, ಒಗ್ಗರಣೆ ವಾಸನೆ ಕೂಡ ಬರಬಾರದು.

ಬೈರಮ್ಮ ಅಳು ನಿಲ್ಲಿಸಿ, "ಮುಟ್ಟಲ್ಲ. ಕತ್ಲು ಮಾಡಿ, ಬಾಗ್ಲು ಮುಚ್ಚಿ, ಕೆಮ್ಮೂ ಕೆಮ್ಮಲ್ಲ" ಎಂದಳು.

"ನಿಮ್ಮ ಮಗಳು ಈಗ ಜ್ವರಕ್ಕೆ ಕೂತಿದಾಳೆ ಅಂದ್ಕೊಳ್ಳಿ."

ಬೈರಮ್ಮ ಎದ್ದಳು. ಕಣ್ಣೊರೆಸಿಕೊಂಡು ಮೊದಲು ತನ್ನ ಕೈಬಳೆಗಳಿಗೆ ಬಟ್ಟೆ ಸುತ್ತಿದಳು, ಸದ್ದಾಗದಿರಲೆಂದು. ಉಳಿದ ಹೆಂಗಸರಿಗೂ ಸುತ್ತಿಸಿದಳು. ಬಕೆಟ್ಟಿನ ಹಿಡಿಕೆಗೆ ಚಿಂದಿ ಕಟ್ಟಿದಳು. ಬಾಗಿಲ ತಿರುಗಣಿಗೆ ಹರಳೆಣ್ಣೆ ಬಿಟ್ಟಳು. ಗಂಡನನ್ನೂ ಮೈದುನನನ್ನೂ ರಸ್ತೆಗೆ ಕಳಿಸಿ, ಬರುವ ಗಾಡಿಯವರಿಗೆಲ್ಲ ಎತ್ತಿನ ಗಂಟೆ ಬಿಚ್ಚಿ ಹೋಗಲು ಹೇಳಿಸಿದಳು. ಉಳಿದವರೆಲ್ಲ ಜಗಲಿಯಲ್ಲಿ ಗೋಡೆಗೊರಗಿ ಕೂತರು, ಒಬ್ಬರೂ ಉಸಿರೆತ್ತಲಿಲ್ಲ. ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಂಥ ಮೌನವನ್ನು ಯಾವ ದೊಡ್ಡಾಸ್ಪತ್ರೆಯಲ್ಲೂ ನಾನು ಆಮೇಲೆ ಕಾಣಲಿಲ್ಲ. ಡಾಕ್ಟರು ಹೊರಗೆ ಬಂದು ನೋಡಿ, ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಒಳಗೆ ಹೋದರು. ಮತ್ತೆ ಫಿಟ್ಸ್ ಬರಲಿಲ್ಲ. ಸಂಜೆ ಹೊತ್ತಿಗೆ ನೋವು ತಾನಾಗಿ ಶುರುವಾಗಿ ಹೆರಿಗೆಯೂ ಆಯಿತು. ಅಂಗೈಯಗಲದ ಹೆಣ್ಣುಕೂಸು, ಬೆಕ್ಕಿನ ಮರಿಯಷ್ಟು ಸಣ್ಣಗೆ ಅತ್ತಿತು.

ಭಾನುವಾರ ಮಧ್ಯಾಹ್ನ ಯಶೋದಳಿಗೆ ಪ್ರಜ್ಞೆ ಬಂತು. "ಅಮ್ಮ, ಯಾಕೆ ದೀಪ ಹಚ್ಚಿಲ್ಲ?" ಎಂದಳು. ಕೋಣೆ ಕತ್ತಲೆಯೇ ಆಗಿತ್ತು, ನಮಗೆ ಏನೂ ಅನ್ನಿಸಲಿಲ್ಲ. ಡಾಕ್ಟರು ಕಿಟಕಿಯ ಕಂಬಳಿ ಸ್ವಲ್ಪ ಸರಿಸಿದರು. ಬೆಳಕು ನೇರ ಅವಳ ಮುಖದ ಮೇಲೆ ಬಿತ್ತು. ಅವಳು ರೆಪ್ಪೆ ಮಿಟುಕಿಸಿ, "ಹಚ್ಚಿ ಅಮ್ಮ, ಮಗೂನ ನೋಡ್ಬೇಕು" ಎಂದಳು.

ಬೈರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಗಲೂ ಸದ್ದು ಮಾಡಲಿಲ್ಲ.

ಡಾಕ್ಟರು ಟಾರ್ಚು ಬಿಟ್ಟು ನೋಡಿ, ಕಣ್ಣಿನ ಪಾಪೆ ಚೆನ್ನಾಗಿ ಚಿಕ್ಕದಾಗುತ್ತಿದೆ, ಕಣ್ಣಿಗೆ ಏನೂ ಆಗಿಲ್ಲ, ನೋಡಿದ್ದನ್ನು ತಿಳಿಯುವ ಮಿದುಳಿನ ಭಾಗ ಊದಿಕೊಂಡಿದೆ ಎಂದರು. ಇಳಿದರೆ ದೃಷ್ಟಿ ಬರುತ್ತದೆ. ಎರಡು ದಿನಕ್ಕೂ ಬರಬಹುದು, ಎಂಟು ದಿನಕ್ಕೂ ಬರಬಹುದು. "ಬಾರದೇ ಇರಬಹುದಾ?" ಎಂದು ನಾನು ಹೊರಗೆ ಬಂದಮೇಲೆ ಕೇಳಿದೆ. ಅವರು ಟಾರ್ಚು ಜೇಬಿಗಿಟ್ಟು, "ದಿನಾ ಬೆಳಿಗ್ಗೆ ಅವಳ್ದು ಕಾಯಿಸಿ ನಂಗೆ ತೋರ್ಸು" ಎಂದರು.

ಅಲ್ಲಿಂದ ನನ್ನ ಬೆಳಗೆಲ್ಲ ಒಂದೇ ಕೊಳವೆಯ ಸುತ್ತ. ಭಾನುವಾರ ಗಟ್ಟಿ. ಸೋಮವಾರ ಕೊಳವೆಯ ಅರ್ಧಕ್ಕೆ ಇಳಿಯಿತು. ಮಂಗಳವಾರ ಕಾಲು ಭಾಗ. ರತ್ನ ಬಾಗಿಲಲ್ಲಿ ನಿಂತು "ಇವತ್ತೆಷ್ಟು ಅಕ್ಕಾ?" ಎನ್ನುವಳು. ಬೆರಳಲ್ಲಿ ತೋರಿಸಿದರೆ ಓಡಿ ಹೋಗಿ ತಾಯಿಗೆ ತೋರಿಸುವಳು. ಅವಳನ್ನು ನಾನು ಹೊಡೆಯಲು ಹೋಗಿದ್ದೆನಲ್ಲ, ಆ ನಾಚಿಕೆ ನನಗೆ. ಮನೆಯಿಂದ ಉಪ್ಪಿಟ್ಟು ತಂದರೆ ಅವಳಿಗೂ ಒಂದು ಪಾಲು ಕೊಡುತ್ತಿದ್ದೆ. ತಿನ್ನುತ್ತಿರಲಿಲ್ಲ.

ಮಂಗಳವಾರವೇ ತೊಂಡೇಬಾವಿಯಿಂದ ಯಶೋದಳ ಅತ್ತೆ, ಗಂಡ ಬಂದರು. ಅತ್ತೆ ಕೆಟ್ಟವಳೇನಲ್ಲ. ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಮುತ್ತಿಟ್ಟಳು, ಸೊಸೆಯ ತಲೆ ಸವರಿದಳು. ಆದರೆ ಬುಧವಾರ ಕೊಳವೆಯಲ್ಲಿ ಬರೀ ಮಂಜಿನಷ್ಟು ಬಿಳುಪು ಉಳಿದಿದ್ದಾಗಲೂ ಯಶೋದ ಗೋಡೆ ಹಿಡಿದೇ ನಡೆಯುತ್ತಿದ್ದಳು. ಮಗುವಿನ ಮುಖವನ್ನು ಬೆರಳಲ್ಲಿ ಮುಟ್ಟಿ, "ಮೂಗು ಯಾರ ಥರ ಇದೆ? ಬಣ್ಣ ಹೆಂಗಿದೆ?" ಎಂದು ಕೇಳುತ್ತಿದ್ದಳು. ಗುರುವಾರ ಆ ಮಂಜೂ ಹೋಯಿತು. ಅಂದು ಸಂಜೆ ಅತ್ತೆ ಬೈರಮ್ಮನನ್ನು ಜಗಲಿಯಲ್ಲಿ ಕೂರಿಸಿಕೊಂಡು ಹೇಳಿದಳು. "ನೋಡು ಬೈರಮ್ಮ, ನಾಳೆ ಮಧ್ಯಾಹ್ನದ ಬಸ್ಸಿಗೆ ನಾವು ಹೊರಡ್ತೀವಿ. ಕಣ್ಣು ಬಂದ್ರೆ ಹೇಳಿ ಕಳ್ಸು, ಮೂರು ತಿಂಗಳಿಗೆ ಬಂದು ಶಾಸ್ತ್ರವಾಗಿ ಕರ್ಕೊಂಡು ಹೋಗ್ತೀವಿ. ಬರದಿದ್ರೆ ಇಲ್ಲೇ ಇರ್ಲಿ. ಅಲ್ಲಿ ಹೊಲ, ಒಲೆ, ಬಾವಿ. ಕಣ್ಣಿಲ್ದೋಳು ಬಾವಿಗೆ ಬಿದ್ರೆ ಯಾರಮ್ಮ ಜವಾಬ್ದಾರಿ? ನನ್ನ ಮಗನಿಗೂ ಬಾಳಿದೆ." ಮಗ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

ಅಂದು ನನಗಾದ ಸಂಕಟ ಹೇಳತೀರದು. ನನ್ನ ಕೊಳವೆ ತಿಳಿಯಾಗಿತ್ತು, ಕೈಗೆ ಬಂದ ವಿದ್ಯೆಯೆಲ್ಲ 'ಹುಷಾರಾಗಿದ್ದಾಳೆ' ಎನ್ನುತ್ತಿತ್ತು, ಹುಡುಗಿಗೆ ಮಾತ್ರ ಲೋಕ ಕಾಣುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಳೆ ನಿಂತಿತ್ತು. ಹೊರಗೆ ಅತ್ತೆ ಗಂಟು ಕಟ್ಟುತ್ತಿದ್ದಳು. ನಾನು ಆ ದಿನದ ಸೀಸೆಗೆಂದು ಯಶೋದಳ ಕೋಣೆಗೆ ಹೋದಾಗ ರತ್ನ ಅಕ್ಕನ ಮಂಚದ ಪಕ್ಕ ನೆಲದ ಮೇಲೆ ಕೂತು, ಮಂಚದ ಕಾಲು ಹಿಡಿದುಕೊಂಡು ಬಿಕ್ಕುತ್ತಿದ್ದಳು. ಯಶೋದಳಿಗೆ ಸೀಸೆಯ ವಿಷಯ ಅದುವರೆಗೆ ಯಾರೂ ಹೇಳಿರಲಿಲ್ಲ.

"ಅದು ನಂದು ಕಣೇ ಅಕ್ಕ" ಎನ್ನುತ್ತಿದ್ದಳು ರತ್ನ. "ಸೋಮವಾರ ಕೊಟ್ಟಿದ್ದು ನಿಂದಲ್ಲ, ನಂದು. ನಾನು ಕೊಡಲ್ಲ ಅನ್ಬೇಕಿತ್ತು. ನಿಂದೇ ಕೊಟ್ಟಿದ್ರೆ ನಿಂಗೆ ಹಿಂಗಾಗ್ತಿರ್ಲಿಲ್ಲ. ನನ್ನ ಕಣ್ಣು ಕಿತ್ತು ಕೊಡ್ತೀನಿ, ತಗೋ."

ಯಶೋದ ಎದ್ದು ಕೂತಳು. ತಂಗಿಯ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಬಾಗಿಲಲ್ಲಿ ನಾನು ಹೆಜ್ಜೆ ಮುಂದಿಡಲಾರದೆ ನಿಂತೆ. ನನ್ನ ಹಿಂದೆ ಬೈರಮ್ಮ ಮಗುವನ್ನೆತ್ತಿಕೊಂಡು ಬಂದು ನಿಂತಿದ್ದಳು.

"ಮೂಗು ಒರೆಸ್ಕೋ ಮೊದ್ಲು" ಎಂದಳು ಯಶೋದ. ಆಮೇಲೆ ಕತ್ತು ಸ್ವಲ್ಪ ವಾರೆ ಮಾಡಿ, ಹುಬ್ಬು ಗಂಟಿಕ್ಕಿ, "ಅಲ್ವೇ, ಆ ರವಿಕೆ ನಂದಲ್ವಾ? ಯಾರ್ನ ಕೇಳಿ ಹಾಕ್ಕೊಂಡೆ?" ಎಂದಳು.

"ನಂದೆಲ್ಲ ನೆನೆದೋಗಿತ್ತು ಕಣೇ, ಬೇರೆ ಇರ್ಲಿಲ್ಲ..." ಎಂದು ರತ್ನ ಅಳುತ್ತಲೇ ಹೇಳಿ, ಥಟ್ಟನೆ ನಿಲ್ಲಿಸಿ, ಬಾಯಿ ತೆರೆದುಕೊಂಡು ಅಕ್ಕನನ್ನೇ ನೋಡಿದಳು.

"ದೀಪಾವಳೀಗೆ ಅಪ್ಪ ತಂದಿದ್ದು. ಹಸಿರುದ್ದು, ಕೆಂಪಂಚಿಂದು" ಎಂದಳು ಯಶೋದ. "ಬಿಚ್ಚಿ ಕೊಡು ನಂಗೆ."

ನನ್ನ ಹಿಂದೆ ಬೈರಮ್ಮ ಆರು ದಿನದಿಂದ ನುಂಗಿಕೊಂಡಿದ್ದದ್ದನ್ನೆಲ್ಲ ಒಟ್ಟಿಗೇ ಹೊರಗೆ ಬಿಟ್ಟು, ಆಸ್ಪತ್ರೆಯೆಲ್ಲ ಕೇಳುವ ಹಾಗೆ ಗೊಳೋ ಎಂದು ಅತ್ತಳು. ಡಾಕ್ಟರು ಓಡಿ ಬಂದರು, ಅತ್ತೆ ಗಂಟು ಬಿಟ್ಟು ಎದ್ದು ಬಂದಳು. ಅವಳನ್ನು ಸುಮ್ಮನಿರು ಎನ್ನಲು ಯಾರಿಗೂ ಬಾಯಿ ಬರಲಿಲ್ಲ.